ಹೆಸರು, ಊರು, ನಂಬರು



ಮನೆಯಲ್ಲಿ ಕಳೆದುಹೋಗಬಾರದ ವಸ್ತುಗಳು ಯಾವುವೆಂದು ಹಿರಿಯರನ್ನು ಕೇಳಿದರೆ, ಜಮೀನಿನ ಕಾಗದಪತ್ರ, ಮಕ್ಕಳ ಜಾತಕ, ಒಡವೆಯ ಪೆಟ್ಟಿಗೆಯ ಬೀಗದಕೈ ಎಂದು ಎಣಿಸುತ್ತಾರೆ. ಆ ಎಣಿಕೆಗೆ ಇನ್ನೊಂದನ್ನು ಸೇರಿಸಬೇಕೆಂದು ಹೇಳುವುದೇ ಈ ದಿನದ ನನ್ನ ಮಾತಿನ ಉದ್ದೇಶ. ಅದು ವಿಳಾಸದ ಪುಸ್ತಕ. ಈಗ ಅದು ಪುಸ್ತಕದ ರೂಪದಲ್ಲಿ ಇಲ್ಲ. ಮೊಬೈಲ್ ಫೋನಿನೊಳಗೆ ಸೇರಿಕೊಂಡು ಸಂಪರ್ಕಗಳ ಆ್ಯಪ್ ಎಂಬ ಹೆಸರನ್ನು ಪಡೆದಿದೆ. ಹೆಸರು ಬದಲಾಗಿದೆ, ರೂಪ ಬದಲಾಗಿದೆ. ಆದರೆ ಅದನ್ನು ಇಟ್ಟುಕೊಳ್ಳಬೇಕಾದ ಜವಾಬ್ದಾರಿ ಬದಲಾಗಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಹಿಂದೆ ಈ ಪುಸ್ತಕ ಹೇಗಿತ್ತೆಂಬುದನ್ನು ಬಲ್ಲವರು ಇನ್ನೂ ಇದ್ದಾರೆ. ಉದ್ದನೆಯ ನೋಟುಬುಕ್ಕು, ಮೊದಲ ಪುಟದಲ್ಲಿ ಅರಿಸಿನ ಕುಂಕುಮ, ಒಳಗೆ ಊರೂರಿನ ಹೆಸರು. ಗಮನಿಸಿ, ಮೊದಲು ಊರು, ಆಮೇಲೆ ಜನ. ಚಿಂತಾಮಣಿ ಎಂದು ಬರೆದು, ಅದರ ಕೆಳಗೆ ಅಲ್ಲಿರುವ ನೆಂಟರು; ಗೌರಿಬಿದನೂರು ಎಂದು ಬರೆದು, ಅದರ ಕೆಳಗೆ ಅಲ್ಲಿಯವರು. ಮದುವೆಯ ಪತ್ರಿಕೆ ಹಂಚಲು ಹೊರಟವನು ಬಸ್ಸಿನ ದಾರಿ ಹಿಡಿದು ಹೋಗಬೇಕಾದುದರಿಂದ ಈ ಕ್ರಮ ಬಹಳ ಅನುಕೂಲವಾಗಿತ್ತು. ಹರಿದ್ವಾರದ ಪಂಡರು ತಲೆತಲಾಂತರದಿಂದ ಇಟ್ಟುಕೊಂಡು ಬಂದಿರುವ ಬಹಿಗಳಲ್ಲಿಯೂ ಯಾತ್ರಿಕರ ಮೂಲ ಊರೇ ಮೊದಲು, ವಂಶ ಆಮೇಲೆ. ಪಶ್ಚಿಮದವರ ಕ್ರಮ ಬೇರೆ. ಅಮೆರಿಕದ ನ್ಯೂಹೇವನ್ ಎಂಬ ಪಟ್ಟಣದಲ್ಲಿ 1878ರಲ್ಲಿ ಲೋಕದ ಮೊದಲ ಟೆಲಿಫೋನು ಪಟ್ಟಿ ಹೊರಬಂದಿತು. ಒಂದೇ ಹಾಳೆ, ಅದರಲ್ಲಿ ಐವತ್ತು ಹೆಸರು. ಅಲ್ಲಿಂದ ಬೆಳೆದ ಪಟ್ಟಿಗಳಲ್ಲಿ ಮನೆತನದ ಹೆಸರಿಗೆ ಅಗ್ರಸ್ಥಾನ. ನಮ್ಮ ಫೋನಿನ ಆ್ಯಪ್ ಹುಟ್ಟಿದ್ದು ಈ ಎರಡನೆಯ ವಂಶದಲ್ಲಿ. ನಮಗೂ ಅದಕ್ಕೂ ಆಗಾಗ ಹೊಂದಿಕೆಯಾಗದಿರುವುದಕ್ಕೆ ಮೂಲಕಾರಣ ಇದೇ.

ಹೊಸದೊಂದು ನಂಬರನ್ನು ಸೇರಿಸಲು ಹೋದರೆ ಫೋನು ಮೊದಲು ಕೇಳುವುದು ಎರಡು ಪ್ರಶ್ನೆ. ಮೊದಲ ಹೆಸರೇನು, ಕೊನೆಯ ಹೆಸರೇನು? ನಮ್ಮ ಜಿಲ್ಲೆಯ ಇಬ್ಬರು ಮಹನೀಯರನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೊದಲಕ್ಷರ ಮೋಕ್ಷಗುಂಡಂ. ಅದು ಅವರ ಪೂರ್ವಜರಿದ್ದ ಆಂಧ್ರದ ಊರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರ ಎಚ್ ಎಂದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರು. ಇವರಲ್ಲಿ ಮೊದಲ ಹೆಸರು ಯಾವುದು, ಕೊನೆಯ ಹೆಸರು ಯಾವುದು? ಮೊದಲಿಗೆ ಬರುವುದು ಊರು. ಕೊನೆಗೆ ಬರುವುದೇ ತಾಯಿತಂದೆಗಳು ಇಟ್ಟ ಹೆಸರು. ಇನ್ನು ಕೆಲವರಲ್ಲಿ ಮೊದಲಕ್ಷರ ತಂದೆಯ ಹೆಸರಿನದು. ಫೋನು ಕೇಳಿದಂತೆ ಇದ್ದಬದ್ದ ಖಾನೆಗಳಲ್ಲಿ ತುಂಬುತ್ತ ಹೋದರೆ ನರಸಿಂಹಯ್ಯನವರನ್ನು ನಕಾರದಲ್ಲಿ ಹುಡುಕುವವನಿಗೆ ಅವರು ಎಚ್ ಅಕ್ಷರದಲ್ಲಿ ಅಡಗಿ ಕುಳಿತಿರುತ್ತಾರೆ. ಆದ್ದರಿಂದ ನಮ್ಮ ಕಡೆಯವರಿಗೆ ಸುಲಭವಾದ ಮಾರ್ಗವೆಂದರೆ, ಇಟ್ಟ ಹೆಸರನ್ನು ಮೊದಲ ಖಾನೆಯಲ್ಲಿ ಪೂರ್ತಿಯಾಗಿ ಬರೆದು, ಮೊದಲಕ್ಷರವನ್ನೂ ಊರನ್ನೂ ಅದರ ಹಿಂದೆ ಇಡುವುದು.

ಪ್ರೌಢಶಾಲೆಯ ಮಕ್ಕಳಿಗೆ ನಾಮಪದದ ಪಾಠ ಹೇಳುವಾಗ ನಾವು ಮೂರು ಭೇದಗಳನ್ನು ಹೇಳುತ್ತೇವೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ರೂಢಿಯಿಂದ ಬಂದದ್ದು ರೂಢನಾಮ. ಗುರುತಿಗಾಗಿ ಇಟ್ಟದ್ದು ಅಂಕಿತನಾಮ. ಕಸುಬು ಗುಣಗಳಿಂದ ಬಂದದ್ದು ಅನ್ವರ್ಥನಾಮ. ಪರೀಕ್ಷೆ ಮುಗಿದ ಮೇಲೆ ಈ ಪಾಠ ಯಾವ ಕೆಲಸಕ್ಕೆ ಬರುತ್ತದೆಂದು ಮಕ್ಕಳು ಕೇಳುವುದುಂಟು. ಅವರ ಮನೆಯ ಫೋನನ್ನು ತೆರೆದು ನೋಡಿದರೆ ಉತ್ತರ ಅಲ್ಲೇ ಇದೆ.

ಬರಿಯ ಅಂಕಿತನಾಮ ಬರೆದರೆ ಏನಾಗುತ್ತದೆ? ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಯಾವ ಬೀದಿಯಲ್ಲಿ ನಿಂತು ‘ನಾರಾಯಣಸ್ವಾಮಿ’ ಎಂದು ಕೂಗಿದರೂ ನಾಲ್ವರು ತಿರುಗಿ ನೋಡುತ್ತಾರೆ. ಮುನಿಯಪ್ಪ, ವೆಂಕಟೇಶಪ್ಪ, ಆಂಜಿನಪ್ಪ, ಮಂಜುನಾಥ ಇವರ ಪಾಡೂ ಅದೇ. ಬರಿಯ ರೂಢನಾಮ ಬರೆದರೋ? ‘ಅತ್ತೆ’ ಎಂದು ಬರೆದಿಟ್ಟರೆ, ಬರೆದವರಿಗೆ ಗೊತ್ತು ಯಾವ ಅತ್ತೆಯೆಂದು. ಅದೇ ಫೋನನ್ನು ಮೊಮ್ಮಗ ತೆರೆದರೆ ಅದು ಯಾರ ಅತ್ತೆ, ಯಾವ ಊರಿನ ಅತ್ತೆ? ನಮ್ಮದು ಕನ್ನಡ ತೆಲುಗು ಎರಡೂ ಒಂದೇ ಜಗುಲಿಯ ಮೇಲೆ ಕೂರುವ ಸೀಮೆ. ಒಂದೇ ಮನೆಯ ಫೋನಿನಲ್ಲಿ ದೊಡ್ಡಮ್ಮನೂ ಇರುತ್ತಾಳೆ, ಪೆದ್ದಮ್ಮನೂ ಇರುತ್ತಾಳೆ. ಬರಿಯ ಅನ್ವರ್ಥನಾಮ ಬರೆದರೆ ಇನ್ನೊಂದು ಬಗೆಯ ತೊಡಕು. ‘ಕರೆಂಟಿನವರು’, ‘ಗೂಡಿನವರು’, ‘ಟೊಮೇಟೊ ಮಂಡಿ’ ಎಂದು ಬರೆದದ್ದು ಇಂದಿಗೆ ಸಾಕು. ಎರಡು ವರ್ಷದ ಮೇಲೆ ಅದು ಯಾವ ಮಂಡಿಯೆಂದು ಬರೆದವರಿಗೇ ನೆನಪಿರುವುದಿಲ್ಲ.

ಹಾಗಾದರೆ ಮೂರನ್ನೂ ಕೂಡಿಸಬೇಕು. ‘ನಾರಾಯಣಸ್ವಾಮಿ, ಶಿಡ್ಲಘಟ್ಟ, ರೀಲರ್’. ‘ಮುನಿಯಮ್ಮ ಅತ್ತೆ, ಚಿಂತಾಮಣಿ’. ‘ಮಂಜುನಾಥ, ಗೌರಿಬಿದನೂರು, ಲಾರಿ’. ಇಟ್ಟ ಹೆಸರು, ಇರುವ ಊರು, ನಂಟು ಅಥವಾ ಕಸುಬು. ಇದನ್ನು ಬರೆಯಲು ಹತ್ತು ಸೆಕೆಂಡು ಹೆಚ್ಚಾಗಬಹುದು. ಆದರೆ ಈ ಆ್ಯಪಿನ ದೊಡ್ಡ ಗುಣವೆಂದರೆ, ಹೆಸರಿನಲ್ಲಿರುವ ಯಾವ ಮಾತನ್ನು ಹಿಡಿದು ಹುಡುಕಿದರೂ ಅದು ತಂದುಕೊಡುತ್ತದೆ. ಶಿಡ್ಲಘಟ್ಟ ಎಂದರೆ ಶಿಡ್ಲಘಟ್ಟದವರೆಲ್ಲರೂ ಸಾಲಾಗಿ ಬರುತ್ತಾರೆ. ರೀಲರ್ ಎಂದರೆ ರೀಲರುಗಳೆಲ್ಲರೂ ಬರುತ್ತಾರೆ. ಹಳೆಯ ನೋಟುಬುಕ್ಕಿನಲ್ಲಿ ಊರಿನ ಕ್ರಮ ಇದ್ದರೆ ಹೆಸರಿನ ಕ್ರಮ ಇರುತ್ತಿರಲಿಲ್ಲ. ಇಲ್ಲಿ ಎರಡೂ ಉಂಟು. ಅಷ್ಟರಮಟ್ಟಿಗೆ ಹೊಸದು ಹಳೆಯದಕ್ಕಿಂತ ಮೇಲೆಂದು ಒಪ್ಪಬೇಕು.

ಇನ್ನು ಲಿಪಿಯ ವಿಚಾರ. ಬಹುಮಂದಿ ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡುತ್ತಾರೆ. ಲಕ್ಷ್ಮಿಯನ್ನು ಒಬ್ಬರು ಕೆ, ಎಸ್, ಎಚ್ ಹಾಕಿ ಬರೆದರೆ, ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಶಿಡ್ಲಘಟ್ಟದ ಮೊದಲಿಗೆ ಎಸ್ ಮಾತ್ರವೋ, ಎಸ್ ಎಚ್ ಎರಡೂ ಬೇಕೋ ಎಂಬುದರಲ್ಲಿ ಬೋರ್ಡುಗಳೇ ಒಮ್ಮತಕ್ಕೆ ಬಂದಿಲ್ಲ. ಮನೆಯ ಯಜಮಾನರು ಒಂದು ರೀತಿ ಬರೆದದ್ದನ್ನು ಮಗಳು ಇನ್ನೊಂದು ರೀತಿ ಹುಡುಕಿ, ‘ಇಲ್ಲ’ ಎಂಬ ಉತ್ತರವನ್ನು ಪಡೆಯುತ್ತಾಳೆ. ಕನ್ನಡದಲ್ಲಿ ಈ ಗೊಂದಲ ಬಹಳ ಕಡಿಮೆ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ನಮ್ಮದು. ಅಕಾರಾದಿ ಕ್ರಮ ನಮಗೆ ಹೊಸದೂ ಅಲ್ಲ. ಕಿಟ್ಟೆಲ್ ಅವರು 1894ರಲ್ಲಿ ಪ್ರಕಟಿಸಿದ ದೊಡ್ಡ ನಿಘಂಟನ್ನು ಇಂದಿಗೂ ನಾವು ಸಲೀಸಾಗಿ ತೆರೆಯುವುದು ಆ ಕ್ರಮದ ಬಲದಿಂದಲೇ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಈಗಿನ ಫೋನುಗಳೆಲ್ಲ ಅದನ್ನು ಅರಿತಿರುವುದರಿಂದ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯೇನೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಬಾರದು. ಹಾಗಾದರೆ ಪಟ್ಟಿ ಎರಡು ತುಂಡಾಗಿ, ಒಬ್ಬನೇ ಮನುಷ್ಯ ಎರಡು ಕಡೆ ಕಾಣಿಸಿಕೊಳ್ಳುತ್ತಾನೆ. ಮನೆಮಂದಿಯೆಲ್ಲ ಕೂತು ಯಾವ ಲಿಪಿಯೆಂದು ನಿರ್ಧರಿಸಿ, ಅದಕ್ಕೇ ಅಂಟಿಕೊಳ್ಳುವುದು ಲೇಸು.

ನಂಬರಿನಲ್ಲಿಯೂ ಒಂದು ಶಿಸ್ತು ಬೇಕು. ಕೂಡಿಸುವ ಗುರುತು, 91, ಆಮೇಲೆ ಹತ್ತು ಅಂಕಿ. ಹೀಗೆ ಬರೆದಿಟ್ಟರೆ ಅಮೆರಿಕಕ್ಕೋ ದುಬೈಗೋ ಹೋದ ಮಗನೂ ಅದೇ ನಂಬರನ್ನು ಒತ್ತಿ ಮಾತಾಡಬಹುದು. ಸ್ಥಿರ ದೂರವಾಣಿಯಾದರೆ ಊರಿನ ಸಂಕೇತ ಬಿಡಬಾರದು. ಚಿಕ್ಕಬಳ್ಳಾಪುರಕ್ಕೆ 08156, ಗೌರಿಬಿದನೂರಿಗೆ 08155, ಚಿಂತಾಮಣಿಗೆ 08154, ಶಿಡ್ಲಘಟ್ಟಕ್ಕೆ 08158. 91 ಸೇರಿಸಿ ಬರೆಯುವಾಗ ಮೊದಲಿನ ಸೊನ್ನೆಯನ್ನು ಬಿಡತಕ್ಕದ್ದು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ಬಂದಿರುವುದನ್ನೂ ಮನೆಯ ಹಿರಿಯರಿಗೆ ತಿಳಿಸಿರಬೇಕು.

ವಿಳಾಸದ ಖಾನೆಯನ್ನು ಬಹುಮಂದಿ ಖಾಲಿ ಬಿಡುತ್ತಾರೆ. ಫೋನು ಇರುವಾಗ ವಿಳಾಸವೇಕೆ ಎಂಬುದು ಅವರ ವಾದ. ಆದರೆ ನಂಬರು ಬದಲಾಗುತ್ತದೆ. ಮನೆ ಅಷ್ಟು ಬೇಗ ಬದಲಾಗುವುದಿಲ್ಲ. ಬರೆಯುವಾಗ ಪಿನ್ ಕೋಡನ್ನೂ ಸೇರಿಸಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳ ಕ್ರಮದಲ್ಲಿ ಚಿಕ್ಕಬಳ್ಳಾಪುರ 562101, ಶಿಡ್ಲಘಟ್ಟ 562105, ಗೌರಿಬಿದನೂರು 561208, ಚಿಂತಾಮಣಿ 563125. ನೆರೆಹೊರೆಯ ನಾಲ್ಕು ಊರುಗಳಿಗೆ ಮೊದಲ ಮೂರಂಕಿ ಮೂರು ಬಗೆ! ಪಕ್ಕದ ಊರೇ ತಾನೆ ಎಂದು ಊಹೆಯಿಂದ ಬರೆದರೆ ಕಾಗದ ಸುತ್ತು ಹೊಡೆದು ಬರುತ್ತದೆ. ಹಳೆಯ ನೋಟುಬುಕ್ಕಿನಿಂದ ವಿಳಾಸಗಳನ್ನು ಎತ್ತಿ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು. 2007ರಲ್ಲಿ ನಮ್ಮ ಜಿಲ್ಲೆ ಪ್ರತ್ಯೇಕವಾಗುವ ಮುಂಚೆ ಇವೆಲ್ಲ ‘ಕೋಲಾರ ಜಿಲ್ಲೆ’ ಎಂದೇ ಬರೆಯಲ್ಪಟ್ಟಿವೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ಹೆಸರುಗಳೆಲ್ಲ ಇರುವುದೆಲ್ಲಿ? ‘ಫೋನಿನಲ್ಲಿ’ ಎಂದು ಥಟ್ಟನೆ ಹೇಳುತ್ತೇವೆ. ವಾಸ್ತವವಾಗಿ ಅವು ಮೂರು ಕಡೆ ಇರಬಹುದು. ಒಂದು, ಸಿಮ್ ಕಾರ್ಡು. ಅದು ಚಿಕ್ಕ ಡಬ್ಬಿ, ಸಾಮಾನ್ಯವಾಗಿ ಇನ್ನೂರೈವತ್ತು ಹೆಸರು ಹಿಡಿಯುವಷ್ಟೇ ಜಾಗ, ವಿಳಾಸಕ್ಕೆ ಅಲ್ಲಿ ಎಡೆಯಿಲ್ಲ. ಎರಡು, ಫೋನಿನ ಸ್ವಂತ ಜ್ಞಾಪಕ. ಫೋನು ಬಾವಿಗೆ ಬಿದ್ದರೆ ಹೆಸರುಗಳೂ ಬಾವಿಯ ಪಾಲು. ಮೂರು, ಗೂಗಲ್ ಅಥವಾ ಆಪಲ್ ಮೊದಲಾದ ಕಂಪನಿಗಳಲ್ಲಿ ನಮ್ಮ ಹೆಸರಿನಲ್ಲಿರುವ ಖಾತೆ. ಫೋನು ಹೋದರೂ ಖಾತೆಯ ಗುಟ್ಟುಪದ ನೆನಪಿದ್ದರೆ ಹೊಸ ಫೋನಿನಲ್ಲಿ ಎಲ್ಲವೂ ಮರಳಿ ಬರುತ್ತವೆ. ಗೂಗಲಿನ ಆ್ಯಪಿನಲ್ಲಿ ಅಳಿಸಿಹೋದ ಹೆಸರನ್ನು 30 ದಿನಗಳೊಳಗೆ ಕಸದ ಬುಟ್ಟಿಯಿಂದ ಹೆಕ್ಕಿ ತೆಗೆಯಲೂಬಹುದು. ನಿಮ್ಮ ಹೆಸರುಗಳು ಈ ಮೂರರಲ್ಲಿ ಎಲ್ಲಿವೆಯೆಂದು ಇಂದೇ ನೋಡಿಕೊಳ್ಳಿ. ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಿ. ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ.

ಎಲ್ಲ ಹೆಸರುಗಳನ್ನೂ ಒಂದೇ ಕಡತವಾಗಿ ಹೊರತೆಗೆದು ಬೇರೆ ಕಡೆ ಇಡುವ ಉಪಾಯವೂ ಉಂಟು. ವಿಕಾರ್ಡ್ ಎಂದು ಅದರ ಹೆಸರು. 1990ರ ದಶಕದ ನಡುವೆ ಹುಟ್ಟಿದ ಈ ಪದ್ಧತಿಯನ್ನು ಬೇರೆಬೇರೆ ಕಂಪನಿಗಳ ಫೋನುಗಳೆಲ್ಲ ಓದಬಲ್ಲವು. ಅದರ ಹಳೆಯ ಆವೃತ್ತಿಯ ಕಡತವನ್ನು ತೆರೆದು ನೋಡಿದರೆ ಕನ್ನಡದ ಹೆಸರುಗಳಿದ್ದ ಕಡೆ ಸಮಚಿಹ್ನೆಗಳೂ ಇಂಗ್ಲಿಷ್ ಅಕ್ಷರ ಅಂಕಿಗಳೂ ಸಾಲುಗಟ್ಟಿ ಕಾಣುತ್ತವೆ. ಗಾಬರಿಯಾಗಿ ಅಳಿಸಿಬಿಡಬೇಡಿ, ಅದು ಕನ್ನಡವೇ, ವೇಷ ಮಾತ್ರ ಬೇರೆ. ಫೋನಿಗೆ ಮತ್ತೆ ಹಾಕಿದರೆ ವೇಷ ಕಳಚಿ ಹೆಸರಾಗುತ್ತದೆ.

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ಹೆಸರುಗಳು ಒಬ್ಬರ ಕೈಯಲ್ಲಿಯೇ ಉಳಿದುಬಿಟ್ಟಾಗ ಏನಾಗುತ್ತದೆಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಪರಿಚಿತರಾದ ಹಿರಿಯರೊಬ್ಬರು, ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಬದುಕು ಕಳೆದವರು, ಒಂದು ರಾತ್ರಿ ಇದ್ದಕ್ಕಿದ್ದಂತೆ ತೀರಿಕೊಂಡರು. ನೂರಾರು ಜನರ ನಂಬರು ಅವರ ಫೋನಿನಲ್ಲಿತ್ತು, ಫೋನಿಗೆ ಬೀಗವಿತ್ತು, ಬೀಗದ ಗುಟ್ಟು ಅವರೊಬ್ಬರಿಗೇ ಗೊತ್ತಿತ್ತು. ಆ ತಾಯಿಗೆ ಬಾಯಿಪಾಠವಾಗಿದ್ದದ್ದು ಮಗನ ನಂಬರು ಒಂದೇ. ಕೊನೆಗೆ ಅಟ್ಟದ ಮೇಲಿನ ಹಳೆಯ ನೋಟುಬುಕ್ಕನ್ನು ಇಳಿಸಿದರು. ಅದರಲ್ಲಿದ್ದ ಸ್ಥಿರ ದೂರವಾಣಿ ನಂಬರುಗಳು ಎಂದೋ ನಿಂತುಹೋಗಿದ್ದವು. ಆದರೆ ಊರು, ಬೀದಿ, ಮನೆಯ ಮುಂದಿನ ಅಂಗಡಿ ಇವು ಬರೆದಿದ್ದವು. ಆ ಊರಿನ ಅಂಗಡಿಯವರನ್ನು ಹಿಡಿದು, ಅವರಿಂದ ಇನ್ನೊಬ್ಬರನ್ನು ಹಿಡಿದು, ಮಧ್ಯಾಹ್ನದ ವೇಳೆಗೆ ಹಲವರಿಗೆ ಸುದ್ದಿ ಮುಟ್ಟಿತು. ಮದನಪಲ್ಲಿಯಲ್ಲಿದ್ದ ತಂಗಿಗೆ ಮುಟ್ಟಿದ್ದು ಸಂಜೆ. ಆಕೆ ಬಂದು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ‘ಅಣ್ಣನ ಮುಖ ನೋಡಲಿಲ್ಲವಲ್ಲ’ ಎಂದು ಆಕೆ ಅತ್ತಾಗ ಯಾರನ್ನು ದೂರುವುದು? ಬೀಗ ಹಾಕಿದ್ದು ತಪ್ಪಲ್ಲ. ಬೀಗದಕೈ ಒಂದೇ ಇದ್ದದ್ದು ಕಷ್ಟವಾಯಿತು.

ಆದ್ದರಿಂದ ಮನೆಯ ಇಪ್ಪತ್ತು ಮೂವತ್ತು ಮುಖ್ಯ ನಂಬರುಗಳು ಕಾಗದದ ಮೇಲೆಯೂ ಇರಲಿ. ವ್ಯಾಪಾರಸ್ಥರ ಮನೆಗಳಲ್ಲಿ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುವಂತೆ, ಪ್ರತಿ ಮನೆಯವರೂ ಆ ದಿನ ಈ ಪಟ್ಟಿಯನ್ನು ಹೊಸದಾಗಿ ಬರೆದು ಕ್ಯಾಲೆಂಡರಿನ ಬಳಿ ತೂಗುಹಾಕಬಹುದು. ತುರ್ತಿಗೆ 112, ಆಂಬುಲೆನ್ಸಿಗೆ 108, ಹಣದ ಸೈಬರ್ ವಂಚನೆಯ ದೂರಿಗೆ 1930 ಎಂಬುವು ಅದರ ತಲೆಯಲ್ಲಿರಲಿ. ಫೋನಿನ ಬೀಗ ತೆರೆಯದೆಯೇ ಕಾಣುವಂತೆ ತುರ್ತು ಸಂಪರ್ಕದ ಹೆಸರನ್ನು ಇಡುವ ಅನುಕೂಲ ಈಗಿನ ಫೋನುಗಳಲ್ಲಿದೆ. 2005ರಲ್ಲಿ ಇಂಗ್ಲೆಂಡಿನ ಬಾಬ್ ಬ್ರೋಚಿ ಎಂಬ ಆಂಬುಲೆನ್ಸ್ ಸಿಬ್ಬಂದಿ, ಅಪಘಾತಕ್ಕೆ ಸಿಕ್ಕವರ ಮನೆಯವರನ್ನು ಹುಡುಕುವ ಕಷ್ಟವನ್ನು ಕಂಡು, ಪ್ರತಿಯೊಬ್ಬರೂ ಇಂಥದೊಂದು ಹೆಸರನ್ನು ಫೋನಿನಲ್ಲಿ ಇಟ್ಟಿರಬೇಕೆಂದು ಪ್ರಚಾರ ಮಾಡಿದರು. ತಾವಿಲ್ಲದ ಕಾಲಕ್ಕೆ ಖಾತೆ ಯಾರಿಗೆ ಸಲ್ಲಬೇಕೆಂದು ಮುಂಚಿತವಾಗಿ ಗೊತ್ತುಮಾಡುವ ಏರ್ಪಾಡನ್ನು ಗೂಗಲ್ 2013ರಲ್ಲಿಯೂ ಆಪಲ್ 2021ರಲ್ಲಿಯೂ ಮಾಡಿವೆ. ಉಯಿಲು ಬರೆಯುವಷ್ಟೇ ಇದೂ ವಿವೇಕದ ಕೆಲಸ.

ಕೊನೆಯದಾಗಿ ಧರ್ಮದ ಮಾತೊಂದಿದೆ. ನಮ್ಮ ಫೋನಿನಲ್ಲಿರುವ ನಂಬರುಗಳು ನಮ್ಮವಲ್ಲ. ನಮ್ಮನ್ನು ನಂಬಿ ಇತರರು ಕೊಟ್ಟ ನ್ಯಾಸ. ಹೊಸದೊಂದು ಆ್ಯಪನ್ನು ಹಾಕಿಕೊಂಡಾಗ ‘ಸಂಪರ್ಕಗಳನ್ನು ನೋಡಲು ಅನುಮತಿಸುವಿರಾ?’ ಎಂದು ಫೋನು ಕೇಳುತ್ತದೆ. ಹೂಂ ಎಂದು ಒತ್ತಿದರೆ ನಮ್ಮ ಒಬ್ಬರ ನಂಬರಲ್ಲ, ಇಡೀ ಬಳಗದ ನಂಬರನ್ನು ಒಪ್ಪಿಸಿದಂತೆ. ಅಮೆರಿಕದಲ್ಲಿ ಪಾಥ್ ಎಂಬ ಆ್ಯಪ್ ಕೇಳದೆಯೇ ಜನರ ವಿಳಾಸ ಪುಸ್ತಕಗಳನ್ನು ಎತ್ತಿಕೊಂಡದ್ದು 2012ರಲ್ಲಿ ಬಯಲಾಯಿತು. ಮರುವರ್ಷ ಅಲ್ಲಿನ ಸರ್ಕಾರದೊಡನೆ ಇತ್ಯರ್ಥವಾಗಿ ಆ ಕಂಪನಿ 8 ಲಕ್ಷ ಡಾಲರ್ ತೆತ್ತಿತು. ನಮ್ಮ ದೇಶದಲ್ಲಿ ದಿಢೀರ್ ಸಾಲ ಕೊಡುವ ಕೆಲವು ಆ್ಯಪುಗಳವರು ಸಾಲಗಾರನ ಫೋನಿನಲ್ಲಿದ್ದ ನೆಂಟರಿಗೆಲ್ಲ ಕರೆ ಮಾಡಿ ಮಾನ ಕಳೆದ ಕಥೆಗಳನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಸಾಲದ ಆ್ಯಪುಗಳು ಫೋನಿನ ಸಂಪರ್ಕ ಪಟ್ಟಿಯನ್ನು ಮುಟ್ಟಕೂಡದೆಂದು ಆದೇಶಿಸಿತು. ಆದೇಶವನ್ನು ಮೀರುವ ಕಳ್ಳ ಆ್ಯಪುಗಳಿಗೆ ಬೇಡವೆನ್ನುವ ಅಧಿಕಾರ ನಮ್ಮ ಬೆರಳ ತುದಿಯಲ್ಲಿಯೇ ಇದೆ.

ಹಳೆಯ ನಂಬರುಗಳ ಬಗ್ಗೆಯೂ ಎಚ್ಚರ ಬೇಕು. ಬಳಕೆ ತಪ್ಪಿದ ನಂಬರನ್ನು ಕಂಪನಿಗಳು ಕನಿಷ್ಠ 90 ದಿನ ತಡೆದಿಟ್ಟು, ಆಮೇಲೆ ಬೇರೊಬ್ಬರಿಗೆ ಕೊಡುವುದುಂಟು. ‘ಚಿಕ್ಕಪ್ಪ’ ಎಂದು ನಮ್ಮಲ್ಲಿ ಬರೆದಿರುವ ನಂಬರು ಇಂದು ಗುರುತಿಲ್ಲದವರ ಜೇಬಿನಲ್ಲಿರಬಹುದು. ನಂಬರಿಗೇ ಹಣ ಕಳಿಸುವ ಈ ಕಾಲದಲ್ಲಿ, ಕಳಿಸುವ ಮುನ್ನ ಒಮ್ಮೆ ಮಾತಾಡಿಸುವುದು ಮೇಲು. ಹಾಗೆಯೇ ‘ಅಪ್ಪಾ, ಇದು ನನ್ನ ಹೊಸ ನಂಬರು, ಹಣ ಹಾಕು’ ಎಂಬ ಸಂದೇಶ ಬಂದರೆ, ಹಳೆಯ ನಂಬರಿಗೆ ಕರೆ ಮಾಡಿ ಮಗನ ದನಿ ಕೇಳಿದ ಮೇಲೆಯೇ ನಂಬತಕ್ಕದ್ದು.

ವರ್ಷಕ್ಕೊಮ್ಮೆ ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ನೋಡಿ. ಎರಡೆರಡು ಬಾರಿ ಇರುವ ಹೆಸರನ್ನು ಒಂದು ಮಾಡಿ. ಊರು ಬರೆಯದವರಿಗೆ ಊರು ಬರೆಯಿರಿ. ಓದುತ್ತ ಹೋದಂತೆ, ವರ್ಷದಿಂದ ಮಾತಾಡಿಸದ ಹೆಸರೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಆ ನಂಬರು ಸರಿಯಿದೆಯೇ ಎಂದು ತಿಳಿಯಲು ಇರುವ ದಾರಿ ಒಂದೇ: ಅದನ್ನು ಒತ್ತಿ, ‘ಚೆನ್ನಾಗಿದ್ದೀರಾ?’ ಎಂದು ಕೇಳುವುದು.